ನರ್ಸಮ್ಮ ಕಲಿತದ್ದೆಲ್ಲಿ

ಸಂತೆ, ಜಾತ್ರೆ, ಬೀಗತನಗಳ ಲೆಕ್ಕದಲ್ಲಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಒಂದೇ ಸೀಮೆ. ಸರ್ಕಾರದ ಕಡತಗಳಲ್ಲಿ ಮಾತ್ರ ಇವು ಒಂದೇ ಕಡೆ ಇದ್ದ ಕಾಲ ಕಡಿಮೆ. ಹೊಸಪೇಟೆ, ಹಂಪಿ, ಕಂಪ್ಲಿಗಳು 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯ ಜೊತೆ ಕಂಪನಿ ಸರ್ಕಾರದ ಕೈಗೆ ಬಂದು ಮದರಾಸು ಪ್ರಾಂತ್ಯದೊಳಗೆ ಸೇರಿದವು. ಘೋರ್ಪಡೆ ಮನೆತನದ ಸಂಸ್ಥಾನವಾಗಿ ಬೇರೆಯೇ ಉಳಿದಿದ್ದ ಸಂಡೂರು 1949ರಲ್ಲಿ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ನಾಲ್ಕೂ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾದಾಗ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈ ಗೆರೆಗಳನ್ನು ಯಾರು ಎಳೆದರು, ಯಾಕೆ ಎಳೆದರು ಎಂಬುದರ ಮೇಲೆ ಸಾಕಷ್ಟು ಬರಹವಿದೆ. ಆ ಗೆರೆಗಳ ಒಳಗೆ ಹೆರಿಗೆ ಮಾಡಿಸಿದ, ಚುಚ್ಚುಮದ್ದು ಕೊಟ್ಟ, ಬಾಣಂತಿಯ ಜ್ವರ ನೋಡಿದ ಹೆಂಗಸರು ಆ ಕೆಲಸವನ್ನು ಎಲ್ಲಿ, ಯಾರ ಕೈಕೆಳಗೆ, ಎಷ್ಟು ದಿನ ಕಲಿತರು ಎಂದು ಕೇಳಿದವರು ಕಡಿಮೆ. ಕೇಳಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನೂರೈವತ್ತು ವರ್ಷಗಳಲ್ಲಿ ಈ ಓದಿನ ಹೆಸರು, ಅವಧಿ, ಸೇರಲು ಬೇಕಾದ ತರಗತಿ ಎಲ್ಲವೂ ಹಲವು ಸಲ ಬದಲಾಗಿವೆ. ಬದಲಾಗದೆ ನಿಂತವು ಎರಡು. ಪ್ರತಿ ಸರ್ಕಾರವೂ ಈ ಓದನ್ನು ಸದ್ಯಕ್ಕೆ ಸಾಕು ಎನ್ನುವ ಏರ್ಪಾಡಾಗಿಯೇ ಕಂಡಿತು. ಕೆಲಸ ಹಳ್ಳಿಯಲ್ಲಿದ್ದರೂ ಕಲಿಸುವ ಜಾಗ ಯಾವಾಗಲೂ ದೂರದ ದೊಡ್ಡ ಆಸ್ಪತ್ರೆಯಲ್ಲೇ ಇತ್ತು. ಹೀಗಾಗಿ ಪಠ್ಯಕ್ಕೆ ಹೊಸದೇನಾದರೂ ಸೇರಿದಾಗಲೆಲ್ಲ ಅನುಭವಸ್ಥರ ಎದುರು ಕೈಯಾರೆ ಮಾಡಿ ಕಲಿಯುವ ಹೊತ್ತೇ ಮೊದಲು ಕಡಿತವಾಯಿತು. ನರ್ಸಮ್ಮನ ಇವತ್ತಿನ ಬಲಹೀನತೆ ಎಂದು ನಾವು ಕರೆಯುವುದರ ಬೇರು ಇಲ್ಲಿದೆ, ಅವಳ ಶಾಲೆಯ ಅಂಕಪಟ್ಟಿಯಲ್ಲಲ್ಲ.

ಹಂಪಿಯ ಕಾಲದ ದಾಖಲೆಗಳು ಈ ವಿಷಯದಲ್ಲಿ ಹೆಚ್ಚು ಮಾತಾಡುವುದಿಲ್ಲ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್, ಅರಮನೆಯೊಳಗೆ ಕುಸ್ತಿ ಆಡುವ, ಜ್ಯೋತಿಷ್ಯ ಹೇಳುವ, ಖರ್ಚಿನ ಲೆಕ್ಕ ಬರೆಯುವ, ರಾತ್ರಿ ಕಾವಲು ಕಾಯುವ ಹೆಂಗಸರನ್ನು ಹೆಸರಿಸುತ್ತಾನೆ. ಹೊರಗಿನವನ ಕಣ್ಣಿಗೆ ಅಚ್ಚರಿಯೆನಿಸಿದ ಕಸುಬುಗಳು ಇವು. ಹೆರಿಗೆ ಮಾಡಿಸುವುದು ಯಾರಿಗೂ ಅಚ್ಚರಿಯ ಕಸುಬಲ್ಲ. ಊರೂರಿನಲ್ಲೂ ಇರುವಂಥದ್ದು, ಬರೆದಿಡುವಷ್ಟು ದೊಡ್ಡದು ಎಂದು ಯಾರಿಗೂ ತೋಚದಂಥದ್ದು. ಆದರೂ ಸೂಲಗಿತ್ತಿಯ ಕಲಿಕೆಗೆ ಒಂದು ಕ್ರಮವಿತ್ತು. ತಾಯಿಯ, ಅತ್ತೆಯ, ಅಜ್ಜಿಯ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೋಡಿ, ಮೊದಲು ನೀರು ಕಾಯಿಸಿ, ಆಮೇಲೆ ಬೆನ್ನು ಹಿಡಿದು, ಕೊನೆಗೆ ಕೂಸನ್ನು ಕೈಗೆ ತೆಗೆದುಕೊಳ್ಳುವ ಕ್ರಮ ಅದು. ಕಲಿತ ಮನೆಯೂ ಕೆಲಸದ ಮನೆಯೂ ಒಂದೇ ಊರಿನವು. ತಪ್ಪಿದರೆ ಕೇಳುವವರು ಕಣ್ಣೆದುರೇ ಇರುತ್ತಿದ್ದರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಸಾವಿರಾರು ಹೆರಿಗೆಗಳ ಅವರ ಅನುಭವವನ್ನು ನಾಡು ಮೆಚ್ಚಿಕೊಂಡಿತು. ಅಂಥ ಅನುಭವ ಕಟ್ಟಿಕೊಳ್ಳುವ ದಾರಿ ಯಾವುದಾಗಿತ್ತು ಎಂಬ ವಿಚಾರ ಸನ್ಮಾನದ ಸದ್ದಿನಲ್ಲಿ ಅಷ್ಟಾಗಿ ಕೇಳಲಿಲ್ಲ.

ಹಾಗೆಂದು ಹಳೆಯದನ್ನು ಹೊಗಳಿ ಕೂರುವಂತಿಲ್ಲ. ಕರುಳಬಳ್ಳಿ ಕೊಯ್ದ ಕತ್ತಿಯಿಂದ, ಗಾಯಕ್ಕೆ ಹಚ್ಚಿದ ಬೂದಿಯಿಂದ ಧನುರ್ವಾಯು ತಗುಲಿ ವಾರದೊಳಗೆ ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ತಹಬಂದಿಗೆ ತಂದದ್ದು 2015ರಷ್ಟು ಈಚೆಗೆ. ಅಡ್ಡ ಮಲಗಿದ ಕೂಸು, ನಿಲ್ಲದ ರಕ್ತಸ್ರಾವ, ಬಸುರಿಗೆ ಬರುವ ನಂಜಿನ ಸೆಳೆತ ಇವುಗಳ ಎದುರು ಸೂಲಗಿತ್ತಿಯ ಬಳಿ ಮದ್ದಿರಲಿಲ್ಲ. ಅವಳಿಗೆ ಗೊತ್ತಿದ್ದ ವಿಷಯ ಸಾಲದಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಕಲಿಸುವ ವಿಧಾನವೂ ಕೆಟ್ಟದ್ದಾಗಿತ್ತು ಎಂದು ಅದರಿಂದ ತೀರ್ಮಾನಿಸಿದ್ದು ಮಾತ್ರ ಆಮೇಲೆ ಬಂದ ಸರ್ಕಾರಗಳ ಅವಸರ.

ಮದರಾಸು ಪ್ರಾಂತ್ಯದಲ್ಲಿ ಹೊಸ ಕಲಿಕೆ ಬೇಗನೆ ಶುರುವಾಯಿತು. 1844ರಲ್ಲಿ ಆರಂಭವಾಗಿದ್ದ ಮದರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ 1854ರಿಂದ ಸೂಲಗಿತ್ತಿಯರಿಗೆ ತರಬೇತಿ ಕೊಡಲು ಸರ್ಕಾರ ಒಪ್ಪಿತು. 1871ರಲ್ಲಿ ಅಲ್ಲಿನ ಜನರಲ್ ಆಸ್ಪತ್ರೆಯಲ್ಲಿ ನರ್ಸಿಂಗ್ ತರಗತಿ ತೆರೆದಾಗ ಮೊದಲ ನಾಲ್ವರು ವಿದ್ಯಾರ್ಥಿನಿಯರೂ ಆಗಲೇ ಹೆರಿಗೆ ವಿದ್ಯೆಯಲ್ಲಿ ಡಿಪ್ಲೊಮಾ ಪಡೆದಿದ್ದವರು. ಈ ಸಣ್ಣ ಸಂಗತಿ ನೆನಪಿಡುವಂಥದ್ದು: ಆಗ ಸೂಲಗಿತ್ತಿಯ ವಿದ್ಯೆ ಮೊದಲಿನದು, ನರ್ಸಿಂಗ್ ಅದರ ಮೇಲೆ ಕಟ್ಟಿದ್ದು. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಬಂತು. ಅದೇ ವರ್ಷ ಮದರಾಸಿನಲ್ಲಿ ಪರದೆಯೊಳಗಿನ, ಮೇಲ್ಜಾತಿಯ ಹೆಂಗಸರಿಗೆಂದೇ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1903ರಲ್ಲಿ ಲೇಡಿ ಕರ್ಜನ್ ಊರಿನ ದಾಯಿಗಳನ್ನೇ, ಅಂದರೆ ಪರಂಪರೆಯ ಸೂಲಗಿತ್ತಿಯರನ್ನೇ, ತರಬೇತಿಗೆ ಕರೆತರಲು ವಿಕ್ಟೋರಿಯಾ ಸ್ಮಾರಕ ನಿಧಿ ಹುಟ್ಟುಹಾಕಿದರು. ಪ್ರಾಂತ್ಯದ ಪುರಸಭೆಗಳೂ ಸ್ಥಳೀಯ ಮಂಡಳಿಗಳೂ ಸಂಬಳ ಕೊಟ್ಟು ಸೂಲಗಿತ್ತಿಯರನ್ನು ಇಟ್ಟುಕೊಳ್ಳತೊಡಗಿದವು. 1926ರಲ್ಲಿ ನರ್ಸುಗಳ ಮತ್ತು ಸೂಲಗಿತ್ತಿಯರ ಕಾಯ್ದೆ, 1939ರಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದವು. ಎರಡನೆಯದರಲ್ಲಿ ತಾಯಿ ಮಕ್ಕಳ ಆರೈಕೆಗೆ ಒಂದು ಅಧ್ಯಾಯವೇ ಇತ್ತು. ಕಾಗದದ ಮೇಲೆ ಬಳ್ಳಾರಿ ಜಿಲ್ಲೆ ದೇಶದ ಎಷ್ಟೋ ಜಿಲ್ಲೆಗಳಿಗಿಂತ ಮುಂದೆ.

ಕಾಗದದಿಂದ ಆಚೆ ಬಂದರೆ ದೂರದ ಪ್ರಶ್ನೆ ಎದುರಾಗುತ್ತದೆ. ಹೊಸಪೇಟೆಯ ಹೆಣ್ಣುಮಗಳೊಬ್ಬಳು ಸರ್ಟಿಫಿಕೇಟಿನ ಸೂಲಗಿತ್ತಿಯಾಗಬೇಕೆಂದರೆ ರೈಲು ಹತ್ತಿ ಗುಂತಕಲ್ಲಿನ ಮೇಲೆ ಮದರಾಸಿಗೆ ಹೋಗಬೇಕು. ಅಲ್ಲಿನ ವಾರ್ಡಿನಲ್ಲಿ ರೋಗಿಗಳ ಮಾತು ಹೆಚ್ಚಾಗಿ ತಮಿಳು, ತೆಲುಗು, ಮೇಲ್ವಿಚಾರಣೆಯವರದು ಇಂಗ್ಲಿಷ್. ಅಷ್ಟು ದೂರ ಮನೆ ಬಿಟ್ಟು ಹೋಗಬಲ್ಲವರು ಯಾರು? ಆ ಕಾಲದ ನರ್ಸಿಂಗ್ ಶಾಲೆಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಆಂಗ್ಲೋ ಇಂಡಿಯನ್ನರು ಮತ್ತು ಕ್ರೈಸ್ತ ಕುಟುಂಬಗಳ ಹುಡುಗಿಯರು. ಗಂಡ, ಮಕ್ಕಳು, ಜಾತಿಕಟ್ಟು ಇದ್ದ ಹಳ್ಳಿಯ ಸೂಲಗಿತ್ತಿ ಆ ರೈಲು ಹತ್ತಲಿಲ್ಲ. ಕಲಿತು ಬಂದವಳಿಗೆ ಊರಿನ ಮನೆಯೊಳಗೆ ಪ್ರವೇಶವಿಲ್ಲ; ಮನೆಯೊಳಗೆ ಪ್ರವೇಶವಿದ್ದವಳಿಗೆ ಕಲಿಕೆಯಿಲ್ಲ. ಮಿಷನರಿಗಳ ದಾರಿಯೂ ಈ ಸೀಮೆಯ ಪಕ್ಕದಲ್ಲೇ ಹಾದುಹೋಯಿತು. ಲಂಡನ್ ಮಿಷನ್ 1810ರಲ್ಲೇ ಬಳ್ಳಾರಿಗೆ ಬಂದು ಕನ್ನಡ ಅಚ್ಚಿನ ಕೆಲಸಕ್ಕೆ ಹೆಸರಾಯಿತು. ಅದರ ಹೆಸರುವಾಸಿ ಆಸ್ಪತ್ರೆಗಳು ಮಾತ್ರ ಬೆಳೆದದ್ದು ಜಮ್ಮಲಮಡುಗು ಮತ್ತು ಚಿಕ್ಕಬಳ್ಳಾಪುರಗಳಲ್ಲಿ. ಬಾಸೆಲ್ ಮಿಷನ್ನಿನದು ಗದಗ ಬೆಟಗೇರಿಯಲ್ಲಿ. ಹೊಸಪೇಟೆಯಿಂದ ಗದಗಿಗೆ ನೇರ ರೈಲಿತ್ತು ಎನ್ನುವುದು ನಿಜ. ಆದರೆ ಅದು ಬೊಂಬಾಯಿ ಪ್ರಾಂತ್ಯ, ಅಲ್ಲಿನ ನಿಯಮ ಬೇರೆ, ನೋಂದಣಿ ಬೇರೆ.

ಈ ಇಬ್ಬಂದಿಯನ್ನು ಬಿಡಿಸಲು ಹೊರಟದ್ದು 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ. ದೇಶದಲ್ಲಿ 43 ಸಾವಿರ ಜನಕ್ಕೆ ಒಬ್ಬ ನರ್ಸ್, 60 ಸಾವಿರ ಜನಕ್ಕೆ ಒಬ್ಬ ತರಬೇತಾದ ಸೂಲಗಿತ್ತಿ ಎಂದು ಅದು ಲೆಕ್ಕ ಹಾಕಿತು. ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು ಹೆರಿಗೆಯ ಕಾರಣಕ್ಕೆ ಸಾಯುತ್ತಿದ್ದಾರೆ ಎಂದು ಅಂದಾಜಿಸಿತು. ಪೂರ್ಣಾವಧಿ ನರ್ಸುಗಳು ಸಾಕಷ್ಟು ಸಿದ್ಧವಾಗುವವರೆಗೆ ಊರಿನ ದಾಯಿಗಳಿಗೂ ತರಬೇತಿ ಕೊಡಿ, ಕಡಿಮೆ ಓದಿದ ಹುಡುಗಿಯರಿಗೆ ಕೆಳಗಿನ ದರ್ಜೆಯ ನರ್ಸಿಂಗ್ ಓದೂ ಇರಲಿ ಎಂದಿತು. 1947ರ ಕಾಯ್ದೆಯ ಮೂಲಕ ಬಂದ ಭಾರತೀಯ ನರ್ಸಿಂಗ್ ಪರಿಷತ್ತು 1950ರ ಸುಮಾರಿಗೆ ಇರಬೇಕಾದ ದರ್ಜೆ ಎರಡೇ ಎಂದು ನಿರ್ಧರಿಸಿತು. ಮೇಲಿನದು ಜನರಲ್ ನರ್ಸಿಂಗ್, ಕೆಳಗಿನದು ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಅಂದರೆ ನಾವೆಲ್ಲ ಎಎನ್‌ಎಂ ಎಂದು ಕರೆಯುವುದು. 1951ರಲ್ಲಿ ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಮೊದಲ ತರಗತಿ ನಡೆಯಿತು. ಏಳನೆಯೋ ಎಂಟನೆಯೋ ತರಗತಿ ಓದಿದ್ದರೆ ಸಾಕು, ಎರಡು ವರ್ಷ ತರಬೇತಿ, ಪಾಠ ಆಯಾ ನಾಡಿನ ಭಾಷೆಯಲ್ಲಿ. ಆ ಹೊತ್ತಿಗೆ ಹೊರದೇಶಗಳಲ್ಲೂ ಇದೇ ಗಾಳಿ ಬೀಸುತ್ತಿತ್ತು. ಯುದ್ಧದ ನಡುವೆ ನರ್ಸುಗಳಿಲ್ಲದೆ ಕಂಗೆಟ್ಟ ಬ್ರಿಟನ್ 1943ರ ಕಾಯ್ದೆಯಿಂದ ಎರಡು ವರ್ಷದ ಎನ್‌ರೋಲ್ಡ್ ನರ್ಸ್ ದರ್ಜೆಯನ್ನು ಒಪ್ಪಿಕೊಂಡಿತ್ತು. ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಎಂಬ ಕಸುಬಿಗೆ 1890ರ ದಶಕದಿಂದಲೇ ನ್ಯೂಯಾರ್ಕಿನಲ್ಲಿ ಸಣ್ಣ ತರಗತಿಗಳಿದ್ದವು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಲ್ಲಿನ ಕೆಳದರ್ಜೆಯ ನರ್ಸ್ ಹೆಚ್ಚಾಗಿ ಮೇಲಿನವಳ ಕಣ್ಣಳತೆಯಲ್ಲಿ ಕೆಲಸ ಮಾಡುತ್ತಿದ್ದಳು. ನಮ್ಮ ಎಎನ್‌ಎಂ ಅನ್ನು ಕಳಿಸಿದ್ದು ಒಬ್ಬಂಟಿಯಾಗಿ, ಡಾಕ್ಟರಿಲ್ಲದ ಉಪಕೇಂದ್ರಕ್ಕೆ. ಕಡಿಮೆ ಕಲಿತವಳ ಪಾಲಿಗೆ ಹೆಚ್ಚು ಹೊಣೆ ಬಂತು. ಈ ತಲೆಕೆಳಗಾದ ಲೆಕ್ಕವನ್ನು ಯಾರೂ ಸರಿಪಡಿಸಲಿಲ್ಲ.

ಹೊಸಪೇಟೆ ಸೀಮೆಗೆ ಈ ಎಎನ್‌ಎಂ ಪದ್ಧತಿ ಕಾಲಿಟ್ಟ ಹೊತ್ತು ಬೇರೆ ಥರದ್ದೂ ಆಗಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಹರಿಸಿತು. ವಿಜಯನಗರದ ಅರಸರ ಕಾಲದ ಕಾಲುವೆಗಳ ಜೊತೆ ಹೊಸ ಕಾಲುವೆಗಳು ಸೇರಿ ಕಂಪ್ಲಿಯ ಭತ್ತ, ಹೊಸಪೇಟೆಯ ಕಬ್ಬು ಹಬ್ಬಿದವು; ಕೆಲಸ ಹುಡುಕಿ ಬಂದ ಕೂಲಿ ಕುಟುಂಬಗಳು ನೆಲೆ ನಿಂತವು. 1954ರಲ್ಲಿ ಶುರುವಾದ ಸಂಡೂರು ಮ್ಯಾಂಗನೀಸ್ ಕಂಪನಿ, 1977ರಲ್ಲಿ ಗಣಿ ಆರಂಭಿಸಿದ ದೋಣಿಮಲೈ, 1990ರ ದಶಕದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮತ್ತಷ್ಟು ಜನರನ್ನು ತಂದವು. ಊರು ಇಷ್ಟು ಬೇಗ ಬೆಳೆಯುವಾಗ ಹೆರಿಗೆ, ಕೂಸು, ಜ್ವರಗಳ ಕೆಲಸವೂ ಅಷ್ಟೇ ಬೆಳೆಯುತ್ತದೆ. ಕಲಿಸುವ ದೊಡ್ಡ ಆಸ್ಪತ್ರೆ ಎಲ್ಲಿಗೆ ಬಂತು? 1961ರಲ್ಲಿ ಬಳ್ಳಾರಿಗೆ ವೈದ್ಯಕೀಯ ಕಾಲೇಜು ಬಂತು. ಮದರಾಸಿನಷ್ಟು ದೂರವಲ್ಲ, ಹೊಸಪೇಟೆಯಿಂದ ಅರವತ್ತು ಕಿಲೋಮೀಟರ್. ಭಾಷೆಯ ತೊಡಕೂ ತಪ್ಪಿತು. ಏಕೀಕೃತ ರಾಜ್ಯದ ನರ್ಸುಗಳ, ಸೂಲಗಿತ್ತಿಯರ ಕಾಯ್ದೆಯೂ ಅದೇ 1961ರದು. ಇಷ್ಟೆಲ್ಲ ಒಳ್ಳೆಯದೇ. ಆದರೆ ವೈದ್ಯಕೀಯ ಕಾಲೇಜಿನ ಹೆರಿಗೆ ವಾರ್ಡಿನಲ್ಲಿ ಕೂಸು ತೆಗೆಯುವ ಸರದಿಗೆ ಮೊದಲು ನಿಲ್ಲುವವರು ವೈದ್ಯ ವಿದ್ಯಾರ್ಥಿಗಳು, ಆಮೇಲೆ ಮೂರು ವರ್ಷದ ನರ್ಸಿಂಗ್‌ನವರು. ಎರಡು ವರ್ಷದ ಹುಡುಗಿಗೆ ಉಳಿಯುವುದು ಸರದಿಯ ಬಾಲ. ನಾಳೆ ಒಬ್ಬಳೇ ಕೂಸು ತೆಗೆಯಬೇಕಾದವಳು ಅವಳು; ವಾರ್ಡಿನಲ್ಲಿ ಮಾತ್ರ ಅವಳದ್ದು ನೋಡುವ ಪಾಲು.

ತರಬೇತಿಯಲ್ಲಿ ಏನಿತ್ತು ಎಂದು ನೋಡಿದರೆ ಮೊದಲ ವರ್ಷಗಳ ಎಎನ್‌ಎಂ ಮುಖ್ಯವಾಗಿ ಸೂಲಗಿತ್ತಿಯೇ. ಬಸುರಿಯ ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ ಎಂದು ಹೇಳುವುದು, ಹೆರಿಗೆ ಮಾಡಿಸುವುದು, ಬಾಣಂತಿಯನ್ನೂ ಕೂಸನ್ನೂ ಮನೆಗೆ ಹೋಗಿ ನೋಡುವುದು, ಜೊತೆಗೆ ಸಾಮಾನ್ಯ ಶುಶ್ರೂಷೆ. 1952ರಿಂದ ಹಳ್ಳಿಗಾಡಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಏಳತೊಡಗಿದಾಗ ಅವಳಿಗೆ ನಿಲ್ಲಲು ಒಂದು ಜಾಗ ಸಿಕ್ಕಿತು. ಅಷ್ಟರಲ್ಲಿ ಸರ್ಕಾರದ ಮನಸ್ಸು ಬೇರೆ ಕಡೆ ತಿರುಗಿತ್ತು. 1960ರ ದಶಕದ ನಡುವಿನಿಂದ ಕುಟುಂಬ ಯೋಜನೆಗೆ ಗುರಿ ನಿಗದಿಯಾಯಿತು: ಇಷ್ಟು ವಂಕಿ, ಇಷ್ಟು ಆಪರೇಷನ್. ಗುರಿ ಮುಟ್ಟದ ಎಎನ್‌ಎಂಗೆ ಮೇಲಿನವರ ಬೈಗುಳ. ಗುರಿ ಮುಟ್ಟಿಸಲು ಹೊರಟವಳಿಗೆ ಊರವರ ಅನುಮಾನ. ಬಸುರಿಯರ ಮನೆಗೆ ಹೋಗುತ್ತಿದ್ದವಳು ಬಸುರಾಗುವುದನ್ನು ತಪ್ಪಿಸಲು ಬಂದವಳೆಂಬ ಹೆಸರು ಹೊತ್ತಳು. 1996ರಲ್ಲಿ ಗುರಿಪದ್ಧತಿ ಕೈಬಿಟ್ಟಿದ್ದಾಯಿತು, ಆದರೆ ಅಷ್ಟರಲ್ಲಿ ಒಂದು ಪೀಳಿಗೆ ಕಳೆದಿತ್ತು.

ಎಲ್ಲಕ್ಕಿಂತ ದೊಡ್ಡ ಏಟು ಬಿದ್ದದ್ದು 1970ರ ದಶಕದಲ್ಲಿ, ಅದೂ ಒಳ್ಳೆಯ ಉದ್ದೇಶದಿಂದಲೇ. 1973ರ ಕರ್ತಾರ್ ಸಿಂಗ್ ಸಮಿತಿ, ಮಲೇರಿಯಾಕ್ಕೆ ಒಬ್ಬ, ಸಿಡುಬಿಗೆ ಒಬ್ಬ, ಹೆರಿಗೆಗೆ ಒಬ್ಬಳು ಎಂದು ಬೇರೆ ಬೇರೆ ನೌಕರರನ್ನು ಕಳಿಸುವ ಬದಲು ಎಲ್ಲ ಕೆಲಸ ಬಲ್ಲ ಒಬ್ಬ ಗಂಡಸು, ಒಬ್ಬ ಹೆಂಗಸು ಇರಲಿ ಎಂದು ಸಲಹೆ ಕೊಟ್ಟಿತು. ಎಎನ್‌ಎಂ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆಯಾದಳು. ಅದರಂತೆ 1977ರಲ್ಲಿ ಪಠ್ಯ ಬದಲಾಯಿತು: ಸೇರಲು ಹತ್ತನೇ ತರಗತಿ ಪಾಸಾಗಿರಬೇಕು, ಆದರೆ ತರಬೇತಿ 24 ತಿಂಗಳಿಂದ 18 ತಿಂಗಳಿಗೆ ಇಳಿಯಿತು. ಮೇಲ್ನೋಟಕ್ಕೆ ಇದು ಸರಿಯಾದ ಲೆಕ್ಕ. ಹುಡುಗಿ ಹೆಚ್ಚು ಓದಿ ಬಂದಿರುವುದರಿಂದ ಬೇಗ ಕಲಿಯುತ್ತಾಳೆ ಎಂಬ ನಂಬಿಕೆ. ಪುಸ್ತಕದ ಪಾಠಕ್ಕೆ ಈ ಮಾತು ಸಲ್ಲುತ್ತದೆ. ಆದರೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ಬೆರಳಿನಲ್ಲಿ ತಿಳಿಯುವ ವಿದ್ಯೆ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಬೇಗ ಬರುವಂಥದ್ದಲ್ಲ. ಹಗಲು ರಾತ್ರಿ ವಾರ್ಡಿನಲ್ಲಿ ಕಾದು, ಕೂಸು ಬರುವ ಹೊತ್ತಿಗೆ ಎದುರಿದ್ದು, ತಪ್ಪಿದ ಕೈಯನ್ನು ಹಿರಿಯಳು ತಿದ್ದಿದಾಗ ಬರುವಂಥದ್ದು. ಒಂದು ಕಡೆ ಮಲೇರಿಯಾ, ಕ್ಷಯ, ಕುಷ್ಠ, ಲಸಿಕೆ, ರಿಜಿಸ್ಟರುಗಳೆಲ್ಲ ಪಠ್ಯದೊಳಗೆ ಬಂದವು. ಇನ್ನೊಂದು ಕಡೆ ಆರು ತಿಂಗಳು ಹೊರಗೆ ಹೋದವು. ಎರಡರ ನಡುವೆ ಸೂಲಗಿತ್ತಿಯ ವಿದ್ಯೆ ಸೊರಗಿತು. ಐಐಎಂ ಅಹಮದಾಬಾದಿನ ದಿಲೀಪ್ ಮಾವಲಂಕರ್ ಮತ್ತು ಕ್ರಾಂತಿ ವೋರಾ 2008ರಲ್ಲಿ ಎಎನ್‌ಎಂ ಪಾತ್ರದ ಬದಲಾವಣೆ ಕುರಿತು ಬರೆದಾಗ ಇದೇ ಜಾರುವಿಕೆಯನ್ನು ಗುರುತಿಸಿದ್ದರು.

ಅದೇ ಹೊತ್ತಿಗೆ ಸರ್ಕಾರ ತನಗೇ ಅರಿವಿಲ್ಲದಂತೆ ಇನ್ನೊಂದು ಪ್ರಯೋಗ ನಡೆಸುತ್ತಿತ್ತು. 1977ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಸಾವಿರ ಜನಕ್ಕೆ ಒಬ್ಬ ತರಬೇತಾದ ದಾಯಿ ಎಂಬ ಗುರಿಯಿತ್ತು. 30 ಕೆಲಸದ ದಿನಗಳ ತರಬೇತಿ, 300 ರೂಪಾಯಿ ಭತ್ಯೆ. ವಾರದಲ್ಲಿ ಎರಡು ದಿನ ಆರೋಗ್ಯ ಕೇಂದ್ರದಲ್ಲಿ ಪಾಠ; ಉಳಿದ ನಾಲ್ಕು ದಿನ ಎಎನ್‌ಎಂ ಜೊತೆ ಹಳ್ಳಿ ಸುತ್ತುವುದು; ಕನಿಷ್ಠ ಎರಡು ಹೆರಿಗೆಗಳನ್ನು ಅವಳ ಎದುರೇ ಮಾಡಿಸಬೇಕು. ಮುಗಿದ ಮೇಲೆ ಒಂದು ಕಿಟ್, ಒಂದು ಸರ್ಟಿಫಿಕೇಟು. ತಿಂಗಳ ಕಾಲ ಸಾಲದು ಎಂಬುದು ಸ್ಪಷ್ಟ. ಆದರೆ ರೂಪ ನೋಡಿ: ಕಲಿಕೆಯ ಮೂರನೇ ಎರಡು ಪಾಲು ಕೆಲಸದ ಜಾಗದಲ್ಲೇ, ಮೇಲ್ವಿಚಾರಕಿಯ ಪಕ್ಕದಲ್ಲೇ. ಒಂದೂವರೆ ವರ್ಷ ಓದುವ ಎಎನ್‌ಎಂಗೆ ಸಿಗದ ಅನುಪಾತ ಮೂವತ್ತು ದಿನದ ದಾಯಿಗೆ ಸಿಕ್ಕಿತ್ತು. ಈ ರೂಪವನ್ನು ಎಎನ್‌ಎಂ ಶಾಲೆಗೆ ತರಬಹುದಾಗಿತ್ತು. ಬದಲಿಗೆ 2005ರ ನಂತರ ಮನೆ ಹೆರಿಗೆಯನ್ನೇ ನಿಲ್ಲಿಸುವ ನೀತಿ ಬಂದಾಗ ದಾಯಿಯ ತರಬೇತಿಯ ಜೊತೆ ಅದರ ಒಳ್ಳೆಯ ಅಂಶವೂ ಹೋಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಹಗುರವಾದದ್ದಲ್ಲ. ಹಳ್ಳಿಗೆ ಯಾರೂ ಇಲ್ಲದ ಕಾಲದಲ್ಲಿ ಅಷ್ಟಾದರೂ ಕಲಿತ ಒಬ್ಬಳನ್ನು ಕಳಿಸಿದ್ದು ದೊಡ್ಡದಲ್ಲವೇ? ಪೂರ್ಣ ನರ್ಸುಗಳಿಗಾಗಿ ಕಾದಿದ್ದರೆ ಸಂಡೂರಿನ ತಾಂಡಾಗಳಿಗೆ ಇವತ್ತಿಗೂ ಯಾರೂ ಬರುತ್ತಿರಲಿಲ್ಲ. ಒಪ್ಪಬೇಕಾದ ಮಾತು. ಸಣ್ಣ ಓದು ಕೀಳು ಓದು ಎನ್ನುವುದು ಈ ಬರಹದ ವಾದವೇ ಅಲ್ಲ. ಸಣ್ಣ ಓದಿನಲ್ಲಿ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂಬುದೇ ಪ್ರಶ್ನೆ. ಸರಿಯಾಗಿ ಕಲಿಸಿ ಜೊತೆಗೆ ನಿಂತರೆ ಎಎನ್‌ಎಂ ಏನು ಮಾಡಬಲ್ಲಳು ಎಂಬುದಕ್ಕೆ ಪುರಾವೆ ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ಹೆಂಗಸರಿಗೆ ಹೆರಿಗೆ ಮಾಡಿಸಿದವರು ಎಎನ್‌ಎಂಗಳೇ. ಅರ್ಧದಷ್ಟು ಜನರಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಮದ್ದಿಲ್ಲದ ಮಾತ್ರೆ. ಹೋದ ರಕ್ತವನ್ನು ಅಳೆದು ಬರೆದಿಡುವ ಕೆಲಸವನ್ನೂ ಈ ಹೆಂಗಸರು ಶಿಸ್ತಿನಿಂದ ಮಾಡಿದರು. ಅತಿ ರಕ್ತಸ್ರಾವ 12 ಪ್ರತಿಶತದಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು, ಜಗತ್ತಿನ ಬಡದೇಶಗಳೆಲ್ಲ ಗಮನಿಸಿದವು. ಆ ಎಎನ್‌ಎಂಗಳು ಮೇಲಿನ ಪದವಿ ಪಡೆದವರಲ್ಲ. ಅಧ್ಯಯನಕ್ಕಾಗಿ ಕೊಟ್ಟ ತರಬೇತಿ ಮತ್ತು ಮೇಲ್ವಿಚಾರಣೆ ಅವರ ಹಿಂದಿತ್ತು, ಅಷ್ಟೇ. ಕೇಂದ್ರ ಸರ್ಕಾರವೂ ಆ ವರ್ಷಗಳಲ್ಲೇ ಎಎನ್‌ಎಂಗಳು ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬಹುದು, ನಂಜಿನ ಸೆಳೆತಕ್ಕೆ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು ಎಂದು ಒಪ್ಪಿತು. ಐವತ್ತು ವರ್ಷ ಒಬ್ಬಂಟಿಯಾಗಿ ಬಿಟ್ಟವಳ ಕೈಗೆ ಆ ಎರಡು ಮದ್ದು ಕೊಡಲು ಇಷ್ಟು ತಡವಾದದ್ದೇ ನಂಬಿಕೆಯ ಕೊರತೆಗೆ ಸಾಕ್ಷಿ.

ಇನ್ನೊಂದು ಆಕ್ಷೇಪಣೆ ಹೊಸ ಕಾಲದ್ದು. ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆಗಳು 2005-06ರಲ್ಲಿ ನೂರಕ್ಕೆ ಸುಮಾರು 65 ಇದ್ದದ್ದು 2019-20ರ ಹೊತ್ತಿಗೆ 97 ಆಗಿದೆ. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರ 228ರಿಂದ 2018-20ರಲ್ಲಿ 69ಕ್ಕೆ ಇಳಿದಿದೆ. ಹೀಗಿರುವಾಗ ಉಪಕೇಂದ್ರದ ನರ್ಸಮ್ಮನಿಗೆ ಹೆರಿಗೆಯ ಕೈಚಳಕ ಯಾಕೆ, ತಾಯಿ ಕಾರ್ಡು ಬರೆದು ಲಸಿಕೆ ಹಾಕಿ ಆಂಬುಲೆನ್ಸ್ ಕರೆದರೆ ಸಾಲದೇ? ಅಂಕಿಗಳು ನಿಜ, ಅವು ದೊಡ್ಡ ಸಾಧನೆ. ಆದರೆ ಆಸ್ಪತ್ರೆ ತಲುಪುವುದು ಎಂಬ ಒಂದೇ ಮಾತಿನೊಳಗೆ ಈ ಸೀಮೆಯಲ್ಲಿ ಎಷ್ಟೋ ಸಂಗತಿಗಳಿವೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಗಂಗಾವತಿ ನಡುವಿನ ಸೇತುವೆ ಮುಳುಗಿ ದಾರಿ ಬಂದಾಗುವುದು ಹೊಸ ಸುದ್ದಿಯೇನಲ್ಲ. ಹಂಪಿಯ ಆಚೆ ದಡಕ್ಕೆ ಬಹಳ ಕಾಲ ಹರಿಗೋಲೇ ಗತಿಯಾಗಿತ್ತು. ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಸಂಡೂರಿನ ಗುಡ್ಡದ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಗಾಡಿಗೆ ಹೊತ್ತಿನ ಲೆಕ್ಕ ಇರುವುದಿಲ್ಲ. ಹೆರಿಗೆ ನೋವಿನವಳನ್ನು ಈಗಲೇ ಕಳಿಸಬೇಕೋ, ಇನ್ನೂ ಸಮಯವಿದೆಯೋ ಎಂದು ತೀರ್ಮಾನಿಸುವವಳು ನರ್ಸಮ್ಮನೇ. ಹೆರಿಗೆ ಮಾಡಿಸಿ ಗೊತ್ತಿಲ್ಲದವಳ ತೀರ್ಮಾನ ಎರಡು ಥರ ತಪ್ಪುತ್ತದೆ: ಎಲ್ಲರನ್ನೂ ಕಳಿಸಿಬಿಡುತ್ತಾಳೆ, ಇಲ್ಲವೇ ಕಳಿಸಬೇಕಾದವಳನ್ನು ತಡವಾಗಿ ಕಳಿಸುತ್ತಾಳೆ. ಮೊದಲನೆಯದರ ಭಾರ ಬಳ್ಳಾರಿಯ ತುಂಬಿದ ವಾರ್ಡಿನ ಮೇಲೆ, ಎರಡನೆಯದರದು ಬಾಣಂತಿಯ ಮೇಲೆ. ನದಿಯಾಚೆಯ ಕೊಪ್ಪಳ ಜಿಲ್ಲೆಯಲ್ಲಿ ತಾಯಂದಿರ ಸಾವುಗಳನ್ನು ಪರಿಶೀಲಿಸಿ ಆಶಾ ಜಾರ್ಜ್ 2007ರಲ್ಲಿ ಬರೆದ ಪ್ರಬಂಧ ತೋರಿಸಿದ್ದೂ ಇಂಥದ್ದನ್ನೇ. ಅವರು ಬೊಟ್ಟುಮಾಡಿದ್ದು ಆರೋಗ್ಯ ಸೇವೆಯ ಒಳಗಿನ ಕೊರತೆಗಳ ಕಡೆಗೆ, ಬಡವರ ಅಜ್ಞಾನದ ಕಡೆಗಲ್ಲ.

ಸಮಾಜವೇ ಅಡ್ಡಿ, ಪಠ್ಯ ತಿದ್ದಿ ಏನು ಪ್ರಯೋಜನ ಎನ್ನುವವರೂ ಇದ್ದಾರೆ. ರಕ್ತ, ಮೈಲಿಗೆ ಮುಟ್ಟುವ ಕೆಲಸವೆಂಬ ಕೀಳುನೋಟ, ರಾತ್ರಿ ಒಬ್ಬಂಟಿಯಾಗಿ ಉಪಕೇಂದ್ರದಲ್ಲಿ ಮಲಗುವ ಅಂಜಿಕೆ, ಜಾತಿ ನೋಡಿ ಒಳಗೆ ಬಿಡುವ ಮನೆಗಳು ಇವೆಲ್ಲ ನಿಜ. 1954ರಲ್ಲೇ ಶೆಟ್ಟಿ ಸಮಿತಿ ನರ್ಸುಗಳ ಕೆಲಸದ ಸ್ಥಿತಿಗತಿ ಪರಿಶೀಲಿಸಿತ್ತು ಎಂದಮೇಲೆ ದೂರು ಹಳೆಯದು. ಆದರೆ ಈ ಅಡ್ಡಿಗಳನ್ನು ದಾಟಲು ಇರುವ ಬಲವಾದ ಉಪಾಯ ಕೈಗುಣವೇ. ಹೆರಿಗೆ ಸುಸೂತ್ರವಾಗಿ ಮಾಡಿಸುವವಳ ಜಾತಿಯನ್ನು ನೋವಿನ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ ಎಂಬುದಕ್ಕೆ ಹಳೆಯ ಸೂಲಗಿತ್ತಿಯರೇ ಸಾಕ್ಷಿ. ಅವರಲ್ಲಿ ಎಷ್ಟೋ ಮಂದಿ ಊರಿನ ಕಟ್ಟಕಡೆಯ ಕೇರಿಯವರು.

ಈಗಿನ ಏರ್ಪಾಡು ಹಿಂದಿನದಕ್ಕಿಂತ ಮೇಲು ಎಂಬುದನ್ನು ಹೇಳಲೇಬೇಕು. 2012ರ ಸುಮಾರಿಗೆ ಬಂದ ಪಠ್ಯದಂತೆ ಪಿಯುಸಿ ಮುಗಿಸಿದವರು ಸೇರಬಹುದು. 18 ತಿಂಗಳ ಓದಿನ ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಮೊದಲ ವರ್ಷ ಸಮುದಾಯ ಆರೋಗ್ಯ, ಆರೋಗ್ಯ ವೃದ್ಧಿ, ಪ್ರಾಥಮಿಕ ಶುಶ್ರೂಷೆ, ಮಕ್ಕಳ ಆರೈಕೆ. ಎರಡನೆಯ ವರ್ಷ ಸೂಲಗಿತ್ತಿಯ ವಿದ್ಯೆ ಮತ್ತು ಆರೋಗ್ಯ ಕೇಂದ್ರದ ನಿರ್ವಹಣೆ. 1977ರಲ್ಲಿ ಹೋದ ಆರು ತಿಂಗಳು ಮೂವತ್ತೈದು ವರ್ಷಗಳ ನಂತರ ಮನೆಗೆ ಮರಳಿತು ಎನ್ನಬಹುದು, ಅದೂ ಕೈಕೆಲಸದ ರೂಪದಲ್ಲಿ. ರಾಜ್ಯ ಸರ್ಕಾರ ಎಎನ್‌ಎಂ ಹುದ್ದೆಗಿದ್ದ ಕಿರಿಯ ಆರೋಗ್ಯ ಸಹಾಯಕಿ ಎಂಬ ಹೆಸರನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಬದಲಿಸಿತು. ಊರಿನ ಜನ ಇನ್ನೂ ನರ್ಸಮ್ಮ ಎಂದೇ ಕರೆಯುತ್ತಾರೆ. ಸಂವಿಧಾನದ 371ಜೆ ಕಲಂನಿಂದ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದ್ದರಿಂದ ಸಂಡೂರಿನ ಹುಡುಗಿ ಸಂಡೂರಿನಲ್ಲೇ ಕೆಲಸ ಮಾಡುವ ಸಾಧ್ಯತೆ ಹೆಚ್ಚಿದೆ. ಇಷ್ಟಾದರೂ ಇಂಟರ್ನ್‌ಶಿಪ್ಪಿನ ಆರು ತಿಂಗಳಲ್ಲಿ ಅವಳ ಪಕ್ಕದಲ್ಲಿ ನಿಲ್ಲುವವರು ಯಾರು ಎಂಬ ಪ್ರಶ್ನೆ ಹಾಗೇ ಇದೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಕೆಲಸದ ಹೊರೆ ಹೊತ್ತ ಸಿಸ್ಟರ್‌ಗೆ ಕಲಿಸುವ ಹೊಣೆಯನ್ನೂ ಹೊರಿಸಿ, ಅದಕ್ಕೆ ಹೊತ್ತನ್ನೂ ಸಂಬಳವನ್ನೂ ಕೊಡದಿದ್ದರೆ ಇಂಟರ್ನ್ ಹುಡುಗಿ ಪುಕ್ಕಟೆ ಆಳಾಗುತ್ತಾಳೆ, ಕಲಿಯುವವಳಾಗುವುದಿಲ್ಲ. ಇದಕ್ಕೆ ದುಡ್ಡಿಲ್ಲ ಎನ್ನುವ ಮಾತು ಬೇರೆ ಜಿಲ್ಲೆಗಳಲ್ಲಿ ನಡೆದೀತು, ಗಣಿ ಸೀಮೆಯಲ್ಲಿ ನಡೆಯದು. 2015ರಿಂದ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ಕನಿಷ್ಠ 60 ಪ್ರತಿಶತ ಆದ್ಯತೆಯ ಬಾಬುಗಳಿಗೆ ಹೋಗಬೇಕೆಂಬುದು ಯೋಜನೆ ಹೊರಟಾಗಿನ ನಿಯಮ; ಆ ಬಾಬುಗಳಲ್ಲಿ ಆರೋಗ್ಯವೂ ಇದೆ, ಕೌಶಲ ತರಬೇತಿಯೂ ಇದೆ. ಕಟ್ಟಡ ಕಟ್ಟಿಸುವಷ್ಟು ಉತ್ಸಾಹ ಕಲಿಸುವವರಿಗೆ ಸಂಬಳ ಕೊಡುವುದರಲ್ಲಿ ಸರ್ಕಾರಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕಟ್ಟಡಕ್ಕೆ ಉದ್ಘಾಟನೆ ಉಂಟು.

2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗಳ ಕುರಿತು ಹೊಸ ಮಾರ್ಗಸೂಚಿ ಹೊರಡಿಸಿತು. ಸಹಜ ಹೆರಿಗೆಗಳನ್ನು ತಾವೇ ನಡೆಸಬಲ್ಲ ವೃತ್ತಿಪರ ಸೂಲಗಿತ್ತಿಯರು ಬೇಕು, ಅವರಿಗೆ 18 ತಿಂಗಳ ವಿಶೇಷ ತರಬೇತಿ ಕೊಡಬೇಕು, ಅದರಲ್ಲಿ ಹೆಚ್ಚಿನ ಪಾಲು ಕೈಕೆಲಸವಿರಬೇಕು ಎಂದು ಅದು ಹೇಳುತ್ತದೆ. 2023ರಲ್ಲಿ ನರ್ಸಿಂಗ್ ಪರಿಷತ್ತಿನ 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯೂ ಬಂತು. 1854ರಲ್ಲಿ ಮದರಾಸು ಹೊರಟ ದಾರಿಗೆ ದೇಶ ಮತ್ತೆ ಬಂದಂತಾಯಿತು. ಆದರೆ ಆ 18 ತಿಂಗಳ ತರಬೇತಿಗೆ ಸೇರುವ ಅರ್ಹತೆ ಇರುವುದು ಜನರಲ್ ನರ್ಸಿಂಗ್ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಹೆರಿಗೆ ಕೋಣೆಯ ಅನುಭವ ಪಡೆದವರಿಗೆ. ಎಪ್ಪತ್ತು ವರ್ಷ ಹೆಸರಿನಲ್ಲೇ ಮಿಡ್‌ವೈಫ್ ಎಂದು ಇಟ್ಟುಕೊಂಡು ಉಪಕೇಂದ್ರ ಕಾದ ಎಎನ್‌ಎಂ ಅದಕ್ಕೆ ಅರ್ಜಿ ಹಾಕುವಂತಿಲ್ಲ.